ದಿನದ ಕಾಸೋ, ಬಟವಾಡೆಯ ಹಣವೋ? ಹಾಲಿನ ದುಡ್ಡಿನ ಬಗ್ಗೆ ಅಧ್ಯಯನಗಳು ಹೇಳುವುದೇನು



ಸಂಘಕ್ಕೆ ಹಾಲು ಹಾಕಿ ಮನೆಗೆ ಹೊರಟಾಗ ಈ ಮಾತು ನಿಮ್ಮ ಕಿವಿಗೂ ಬಿದ್ದಿರಬಹುದು: "ಸಂಘದವರು ಬಟವಾಡೆ ದಿನದವರೆಗೆ ಕಾಯಿಸುತ್ತಾರೆ. ಹೊರಗಿನವರಿಗೆ ಹಾಕಿದರೆ ಅಂದಂದೇ ಕೈಗೆ ಕಾಸು." ಅದರ ಜೊತೆಗೆ ಲೀಟರಿಗೆ ಒಂದೆರಡು ರೂಪಾಯಿ ಹೆಚ್ಚಿಗೆ ಸಿಗುತ್ತದೆ ಎಂದರೆ ಮಾತು ಇನ್ನೂ ಸರಿ ಎನ್ನಿಸುತ್ತದೆ.

ಬರೀ ಲೆಕ್ಕ ನೋಡಿದರೆ ಈ ಮಾತನ್ನು ತಳ್ಳಿಹಾಕುವಂತಿಲ್ಲ. ಹದಿನೈದು ದಿನದ ನಂತರ ಬರುವ ರೂಪಾಯಿಗಿಂತ ಇವತ್ತು ಕೈಯಲ್ಲಿರುವ ರೂಪಾಯಿಯೇ ಮೇಲು. ಹಾಗಿದ್ದರೂ ನಮ್ಮಲ್ಲಿ ಲಕ್ಷಾಂತರ ಕುಟುಂಬಗಳು ವಾರಕ್ಕೋ, ಹತ್ತು ದಿನಕ್ಕೋ, ಹದಿನೈದು ದಿನಕ್ಕೋ ಬರುವ ಬಟವಾಡೆಯನ್ನೇ ನಂಬಿ ಬದುಕು ನಡೆಸುತ್ತಿವೆ. ಹಾಲು ಹೆಚ್ಚಾದ ಕಾಲದಲ್ಲೂ ಸಂಘ ಕ್ಯಾನು ವಾಪಸ್ಸು ಕಳಿಸುವುದಿಲ್ಲ, ಫ್ಯಾಟ್ ಮತ್ತು ಎಸ್‌ಎನ್‌ಎಫ್ ನೋಡಿ ದರ ಕಟ್ಟುತ್ತಾರೆ, ಪಶು ಆಹಾರ ಸಿಗುತ್ತದೆ. ಈ ಕಾರಣಗಳು ನಮಗೆಲ್ಲ ಗೊತ್ತು. ಆದರೆ ಇನ್ನೊಂದು ಕಾರಣವೂ ಇದೆ ಎಂದು ಈಚಿನ ವರ್ಷಗಳ ಅರ್ಥಶಾಸ್ತ್ರದ ಅಧ್ಯಯನಗಳು ತೋರಿಸಿವೆ. ಅದನ್ನು ತಿಳಿದುಕೊಂಡರೆ ನಮ್ಮ ಮನೆಯ ಲೆಕ್ಕಕ್ಕೂ ಅನುಕೂಲ, ಸಂಘ ನಡೆಸುವವರಿಗೂ ಒಂದು ಎಚ್ಚರಿಕೆ.

ಕೀನ್ಯಾದ ಹೈನುಗಾರರು ಆರಿಸಿಕೊಂಡದ್ದು

ಆಫ್ರಿಕಾದ ಕೀನ್ಯಾ ದೇಶದಲ್ಲಿಯೂ ನಮ್ಮ ಹಾಗೆ ಒಂದೆರಡು ಹಸು ಕಟ್ಟಿಕೊಂಡ ಸಣ್ಣ ರೈತರೇ ಹೈನುಗಾರಿಕೆಯ ಬೆನ್ನೆಲುಬು. ರಾಜಧಾನಿ ನೈರೋಬಿಯ ಪಕ್ಕದ ಕಿಯಾಂಬು ಎಂಬ ಪ್ರದೇಶದಲ್ಲಿ ಹಾಲಿನ ಸಹಕಾರ ಸಂಘವೊಂದಿದೆ. ಅಲ್ಲಿ ಹಾಲಿನ ಹಣ ಕೊಡುವುದು ತಿಂಗಳಿಗೊಮ್ಮೆ. ಅದೇ ಊರುಗಳಲ್ಲಿ ಖಾಸಗಿ ವ್ಯಾಪಾರಿಗಳೂ ಹಾಲು ಕೊಳ್ಳುತ್ತಾರೆ. ಅವರು ಅಂದಂದೇ ಹಣ ಕೊಡುತ್ತಾರೆ, ದರವೂ ಹೆಚ್ಚು. ಆದರೂ ರೈತರು ಸಂಘಕ್ಕೆ ಹಾಲು ಹಾಕುವುದನ್ನು ಬಿಟ್ಟಿರಲಿಲ್ಲ.

ಇದೇಕೆ ಹೀಗೆ ಎಂದು ಲೊರೆಂಜೊ ಕಸಬೂರಿ ಮತ್ತು ರೊಕ್ಕೊ ಮಕ್ಕಿಯವೆಲ್ಲೊ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಅಧ್ಯಯನ ನಡೆಸಿದರು. ಅದು 2019ರಲ್ಲಿ ಪ್ರಕಟವಾಯಿತು. ಅವರು ಸಂಘದ ರೈತರ ಮುಂದೆ ಎರಡು ದಾರಿ ಇಟ್ಟರು. ತಿಂಗಳ ಕೊನೆಗೆ ಒಟ್ಟಿಗೆ ಹಣ ಪಡೆಯಬಹುದು. ಇಲ್ಲವೇ ದಿನವೂ ಪಡೆಯಬಹುದು, ಆಗ ದರ ಶೇ. 15ರಷ್ಟು ಹೆಚ್ಚು.

ಶೇ. 15 ಎಂದರೆ ಸಣ್ಣ ಮೊತ್ತವಲ್ಲ. ಲೀಟರಿಗೆ 35 ರೂಪಾಯಿ ಎಂದು ಹಿಡಿದರೆ 5 ರೂಪಾಯಿ 25 ಪೈಸೆ ಹೆಚ್ಚಿಗೆ ಸಿಕ್ಕಂತೆ. ಆದರೂ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ರೈತರು ಆರಿಸಿಕೊಂಡಿದ್ದು ತಿಂಗಳ ಬಟವಾಡೆಯನ್ನೇ! "ಬೇಕಾದ ದಿನ ಮಾತ್ರ ನಗದು ಪಡೆಯಿರಿ, ಬೇಡದ ದಿನ ಬಿಡಿ" ಎಂಬ ಸಡಿಲ ಸೌಲಭ್ಯ ಕೊಡುತ್ತೇವೆ ಎಂದಾಗಲೂ ಬಹುಪಾಲು ಜನ ಬೇಡವೆಂದರು.

ಅವರೇನು ಲೆಕ್ಕ ಬಾರದವರಲ್ಲ. ದಿನದ ಕಾಸು ದಿನವೇ ಖರ್ಚಾಗಿಹೋಗುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಮಕ್ಕಳ ಶಾಲಾ ಶುಲ್ಕ, ಹಸುವಿನ ಖರೀದಿ, ಮನೆ ರಿಪೇರಿಯಂಥ ದೊಡ್ಡ ಖರ್ಚಿಗೆ ಒಟ್ಟು ಮೊತ್ತ ಬೇಕು. ದಿನವೂ ಕೈಗೆ ಬರುವ ನೂರಿನ್ನೂರು ರೂಪಾಯಿಯನ್ನು ಮುಟ್ಟದೆ ಕೂಡಿಡುವುದು ಎಷ್ಟು ಕಷ್ಟ ಎಂದು ನಮಗೂ ಗೊತ್ತಿದೆ. ಅಂಗಡಿಯ ಬಾಕಿ, ನೆಂಟರ ಕೈಸಾಲ, ಮಕ್ಕಳ ತಿಂಡಿ, ಮೊಬೈಲ್ ರೀಚಾರ್ಜ್ ಎಲ್ಲವೂ ಆ ಕಾಸಿಗಾಗಿಯೇ ಕಾದು ಕೂತಿರುತ್ತವೆ. ಹಣ ಸಂಘದಲ್ಲಿದ್ದರೆ ಯಾರೂ ಕೇಳುವಂತಿಲ್ಲ, ನಾವೂ ಮುಟ್ಟುವಂತಿಲ್ಲ. ಅರ್ಥಶಾಸ್ತ್ರಜ್ಞರು ಇದನ್ನು ಬದ್ಧತೆಯ ಸಾಧನ ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ನಮ್ಮ ಕೈಗೆ ನಾವೇ ಹಾಕಿಕೊಳ್ಳುವ ಮೂಗುದಾರ.

ವ್ಯಾಪಾರಿಗಳು ಏಕೆ ಹೀಗೆ ಮಾಡಲಿಲ್ಲ?

ರೈತರಿಗೆ ಇಷ್ಟೊಂದು ಬೇಕಾಗಿರುವ ತಿಂಗಳ ಬಟವಾಡೆಯನ್ನು ಖಾಸಗಿ ವ್ಯಾಪಾರಿಗಳೂ ಕೊಡಬಹುದಿತ್ತಲ್ಲವೇ? ಈ ಪ್ರಶ್ನೆಯನ್ನೂ ಅದೇ ಅಧ್ಯಯನ ಕೇಳಿತು. ಉತ್ತರ: ನಂಬಿಕೆ ಇರಲಿಲ್ಲ. ತಿಂಗಳ ಕೊನೆಗೆ ವ್ಯಾಪಾರಿ ಬಾರದೇ ಹೋದರೆ ಕೇಳುವವರು ಯಾರು? ಒಪ್ಪಂದ ಮುರಿದರೆ ವಸೂಲಿಗೆ ದಾರಿಯಿಲ್ಲದ ಕಡೆ, ಇವತ್ತಿನ ಹಾಲಿಗೆ ಇವತ್ತೇ ಕಾಸು ಎಣಿಸಿಕೊಳ್ಳುವುದೇ ಜಾಣತನ. ಸಂಘ ಮಾತ್ರ ಊರಲ್ಲಿ ನೆಲೆಯೂರಿದ್ದು, ನಾಳೆಯೂ ಅಲ್ಲೇ ಇರುತ್ತದೆ.

ಈ ಮಾತನ್ನು ಸಂಘಗಳ ಆಡಳಿತ ಮಂಡಳಿಯವರು ಮತ್ತು ಕಾರ್ಯದರ್ಶಿಗಳು ಗಮನಿಸಬೇಕು. ರೈತರು ಕಾಯಲು ಒಪ್ಪುವುದು ಹಣ ಹೇಳಿದ ದಿನವೇ ಬರುತ್ತದೆ ಎಂಬ ಭರವಸೆಯಿಂದ. ಬಟವಾಡೆ ಒಂದು ಸಲ ಐದು ದಿನ, ಇನ್ನೊಂದು ಸಲ ಹತ್ತು ದಿನ ತಡವಾದರೆ ಕಾಯುವುದು ಉಳಿತಾಯ ಅನ್ನಿಸಿಕೊಳ್ಳುವುದಿಲ್ಲ. ಆಗ ಅದು ಸಂಘಕ್ಕೆ ರೈತ ಕೊಟ್ಟ ಬಡ್ಡಿಯಿಲ್ಲದ ಸಾಲ. ಅಲ್ಲಿಂದಾಚೆಗೆ ಅಂದಂದೇ ಕಾಸು ಕೊಡುವವರ ಕಡೆ ಹಾಲು ಹೋದರೆ ರೈತನನ್ನು ದೂರುವಂತಿಲ್ಲ. ಹಾಗೆಯೇ, ರೈತರು ಬಟವಾಡೆ ಬಯಸುತ್ತಾರೆ ಎಂಬುದು ದರ ಕಡಿಮೆ ಕೊಡಲು ನೆಪವಾಗಬಾರದು. ಕೀನ್ಯಾದ ರೈತರು ಹೆಚ್ಚಿನ ದರ ಬಿಟ್ಟುಕೊಟ್ಟದ್ದು ಹಣ ಕೂಡಿಡಲು ಅವರಿಗೆ ಬೇರೆ ಒಳ್ಳೆಯ ದಾರಿ ಇರಲಿಲ್ಲವೆಂದು. ಅದು ಅವರ ಕಷ್ಟದ ಗುರುತು.

ಚಹಾ ತೋಟ ಮತ್ತು ತಗಡಿನ ಪೆಟ್ಟಿಗೆ

ಆಫ್ರಿಕಾದ ಇನ್ನೊಂದು ದೇಶ ಮಲಾವಿಯಲ್ಲಿ ಚಹಾ ತೋಟದ ಕೂಲಿಕಾರರ ಬಗ್ಗೆ ನಡೆದ ಅಧ್ಯಯನ 2021ರಲ್ಲಿ ಪ್ರಕಟವಾಯಿತು. ಕೂಲಿಯ ಒಂದು ಭಾಗವನ್ನು ಮೂರು ತಿಂಗಳು ಹಿಡಿದಿಟ್ಟು ಒಟ್ಟಿಗೆ ಕೊಡುತ್ತೇವೆ, ಬಡ್ಡಿ ಇಲ್ಲ, ಬೇಕಾದವರು ಸೇರಬಹುದು ಎಂದು ಹೇಳಲಾಯಿತು. ಬಡ್ಡಿ ಇಲ್ಲದಿದ್ದರೂ ಸುಮಾರು ಅರ್ಧದಷ್ಟು ಜನ ಸೇರಿದರು. ಅವರ ಉಳಿತಾಯ ಹೆಚ್ಚಿತು. ಎರಡು ವರ್ಷ ಕಳೆದು ನೋಡಿದಾಗ ಆ ಹಣ ಅವರ ಮನೆಗಳ ಶಾಶ್ವತ ಸುಧಾರಣೆಗೆ ಬಳಕೆಯಾಗಿತ್ತು.

ಹಾಗಾದರೆ ಹಣವನ್ನು ಭದ್ರವಾಗಿ ಬೀಗ ಹಾಕಿ ಇಟ್ಟಷ್ಟೂ ಒಳ್ಳೆಯದೇ? ಹಾಗಲ್ಲ. ಪಶ್ಚಿಮ ಕೀನ್ಯಾದಲ್ಲಿ ಪಾಸ್ಕಲೀನ್ ದ್ಯುಪಾ ಮತ್ತು ಜೊನಾಥನ್ ರಾಬಿನ್‌ಸನ್ ನಡೆಸಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಆರೋಗ್ಯದ ಖರ್ಚಿಗೆಂದು ಕೆಲವರಿಗೆ ತಗಡಿನ ಪೆಟ್ಟಿಗೆ, ಬೀಗ ಮತ್ತು ಕೀಲಿ ಕೊಟ್ಟರು. ಇನ್ನು ಕೆಲವರಿಗೆ ಪೆಟ್ಟಿಗೆ ಕೊಟ್ಟು ಕೀಲಿಯನ್ನು ಯೋಜನೆಯ ಸಿಬ್ಬಂದಿಯೇ ಇಟ್ಟುಕೊಂಡರು. ಕಾಯಿಲೆ ಬಾರದಂತೆ ಮುಂಜಾಗ್ರತೆಗೆ ಹಣ ಹಾಕುವುದು ಚೆನ್ನಾಗಿ ಹೆಚ್ಚಿದ್ದು ಕೀಲಿ ತಮ್ಮ ಬಳಿಯೇ ಇದ್ದವರಲ್ಲಿ. ಇದು ಇಂಥದ್ದಕ್ಕೇ ಎಂದು ಮೀಸಲಿಟ್ಟ ಒಂದು ಜಾಗ, ಯಾರಾದರೂ ಕೈಸಾಲ ಕೇಳಿದರೆ ಇಲ್ಲ ಎನ್ನಲು ಒಂದು ಕಾರಣ, ಅಷ್ಟೇ ಸಾಕಾಗಿತ್ತು. ಕೀಲಿ ಬೇರೆಯವರ ಕೈಯಲ್ಲಿದ್ದ ಪೆಟ್ಟಿಗೆಗೆ ಹಣ ಹಾಕಲು ಜನ ಹಿಂಜರಿದರು. ತುರ್ತು ಬಂದರೆ ಏನು ಮಾಡುವುದು ಎಂಬ ಚಿಂತೆ ಯಾರಿಗಾದರೂ ಇದ್ದದ್ದೇ.

ಬಹಳ ದಿನ ಕಾಯುವುದೂ ಕಷ್ಟ

ಹಣ ತಡವಾದಷ್ಟೂ ಒಳ್ಳೆಯದು ಎಂದುಕೊಂಡರೆ ಅದೂ ತಪ್ಪು. ನಮ್ಮ ನೆರೆಯ ತಮಿಳುನಾಡಿನಲ್ಲಿ ನಡೆದ ಅಧ್ಯಯನವೊಂದು ಇದನ್ನು ತೋರಿಸುತ್ತದೆ. ವಿಲ್ಲುಪುರಂ ಮತ್ತು ತಿರುವಣ್ಣಾಮಲೈ ಜಿಲ್ಲೆಗಳ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಮ್ಮೆ, ಕಟಾವಿನ ಹಣ ಬಂದ ಮೇಲೆ ಒಮ್ಮೆ ಬುದ್ಧಿಗೆ ಕೆಲಸ ಕೊಡುವ ಸಣ್ಣ ಪರೀಕ್ಷೆಗಳನ್ನು ಮಾಡಿಸಿದರು. ಅದೇ ರೈತ, ಅದೇ ಬಗೆಯ ಪರೀಕ್ಷೆ. ಆದರೆ ಕೈ ಖಾಲಿಯಿದ್ದ ಕಟಾವಿನ ಮುಂಚಿನ ದಿನಗಳಲ್ಲಿ ಫಲಿತಾಂಶ ಕೆಳಗಿತ್ತು, ಹಣ ಬಂದ ಮೇಲೆ ಮೇಲಕ್ಕೆ ಬಂತು. ಇದು 2013ರಲ್ಲಿ ಪ್ರಕಟವಾಯಿತು. ಬೇರೆ ದೇಶಗಳಲ್ಲಿ ನಡೆದ ಎಲ್ಲ ಪರೀಕ್ಷೆಗಳಲ್ಲೂ ಇದೇ ಉತ್ತರ ಬಂದಿಲ್ಲ ಎಂಬುದನ್ನೂ ಹೇಳಬೇಕು. ಆದರೂ ವರ್ಷಕ್ಕೊಮ್ಮೆ ಬರುವ ಹಣಕ್ಕೆ ಕಾಯುವ ಮನೆಯಲ್ಲಿ ಸಾಲ, ಗಿರವಿ, ಚಿಂತೆ ಹೇಗೆ ತಲೆಯನ್ನು ತುಂಬಿಕೊಳ್ಳುತ್ತವೆ ಎಂಬುದನ್ನು ಬೆಳೆಗಾರರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಇವನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಹಾಲಿನ ಹಣದ ಬೆಲೆ ತಿಳಿಯುತ್ತದೆ. ದಿನಗೂಲಿಯಂತೆ ಅದು ಅಂದೇ ಕರಗುವುದಿಲ್ಲ. ಕಬ್ಬು, ರಾಗಿ, ಅಡಿಕೆಯ ಹಣದಂತೆ ತಿಂಗಳುಗಟ್ಟಲೆ ಕಾಯಿಸುವುದೂ ಇಲ್ಲ. ಕೂಡಿಡಲು ಬೇಕಾದಷ್ಟು ದೊಡ್ಡದಾಗಿ, ಸಾಲ ಮಾಡದೆ ದಿನ ದೂಡಲು ಬೇಕಾದಷ್ಟು ಬೇಗ ಬರುತ್ತದೆ. ಬಹಳ ಮನೆಗಳಲ್ಲಿ ಹಾಲಿನ ದುಡ್ಡು ಹೆಣ್ಣುಮಕ್ಕಳ ಕೈಯಲ್ಲಿ ನಿಂತು ಮಕ್ಕಳ ಓದಿಗೆ ಒದಗುವುದಕ್ಕೂ ಅದು ತಪ್ಪದೆ ಬರುವುದೇ ಆಧಾರ.

ನಮ್ಮ ಮನೆಯಲ್ಲಿ ಮಾಡಬಹುದಾದದ್ದು

ಅಧ್ಯಯನಗಳ ಮಾತನ್ನು ಹಟ್ಟಿಯ ಲೆಕ್ಕಕ್ಕೆ ತರೋಣ. ಹಸು ಹಾಲು ಕೊಡುವಾಗ ಬಟವಾಡೆ ಇದೆ. ಕರು ಹಾಕುವ ಮುಂಚಿನ ಸುಮಾರು 60 ದಿನ ಹಾಲು ಬತ್ತಿಸುತ್ತೇವೆ. ಆಗ ಆ ಹಸುವಿನಿಂದ ಬಟವಾಡೆ ಇಲ್ಲ, ಆದರೆ ಗಬ್ಬದ ಹಸುವಿಗೆ ಒಳ್ಳೆಯ ಮೇವು, ಪಶು ಆಹಾರ, ಖನಿಜ ಮಿಶ್ರಣ ಬೇಕೇ ಬೇಕು. ಕೈಯಲ್ಲಿ ಕಾಸಿಲ್ಲವೆಂದು ಆ ದಿನಗಳಲ್ಲಿ ಆಹಾರ ಕಡಿಮೆ ಮಾಡಿದರೆ ಮುಂದಿನ ಸೂಲಿನ ಹಾಲಿಗೂ ಕರುವಿಗೂ ಪೆಟ್ಟು.

ಒಂದು ಹಸು ದಿನಕ್ಕೆ ಸರಾಸರಿ 10 ಲೀಟರ್‌ನಂತೆ 300 ದಿನ ಹಾಲು ಕೊಟ್ಟರೆ 3,000 ಲೀಟರ್. ಲೀಟರಿಗೆ 2 ರೂಪಾಯಿಯಂತೆ ತೆಗೆದಿಟ್ಟರೆ 6,000 ರೂಪಾಯಿ ಆಗುತ್ತದೆ. 60 ದಿನಕ್ಕೆ ಹಂಚಿದರೆ ದಿನಕ್ಕೆ 100 ರೂಪಾಯಿ. ಬತ್ತಿದ ಅವಧಿಯ ಆಹಾರಕ್ಕೆ ಇದು ಒಳ್ಳೆಯ ಆಸರೆ. ದಿನವೂ 20 ರೂಪಾಯಿ ತೆಗೆದಿಡಿ ಎಂದರೆ ಆಗದು. ಹದಿನೈದು ದಿನದ ಬಟವಾಡೆಯಲ್ಲಿ 300 ರೂಪಾಯಿ ತೆಗೆದಿಡಿ ಎಂದರೆ ಆಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ ಎಂದು ಹಿರಿಯರು ಹೇಳಿದ್ದು ಸುಮ್ಮನಲ್ಲ.

ಅದಕ್ಕಾಗಿ ಈ ಕೆಲವನ್ನು ಗಮನದಲ್ಲಿಡಿ:

1. ಬಟವಾಡೆ ಖಾತೆಗೆ ಜಮೆಯಾದ ದಿನವೇ ತೆಗೆದಿಡುವ ಮೊತ್ತವನ್ನು ಬೇರೆ ಮಾಡಿ. ಉಳಿದದ್ದರಲ್ಲಿ ಕೂಡಿಡುತ್ತೇನೆ ಎಂದರೆ ಉಳಿಯುವುದಿಲ್ಲ.

2. ಆ ಹಣಕ್ಕೆ ಒಂದು ಹೆಸರು ಕೊಡಿ: "ಗಬ್ಬದ ಹಸುವಿನ ಹಿಂಡಿ", "ಮಗಳ ಕಾಲೇಜು", "ರಾಸು ವಿಮೆ". ಹೆಸರಿರುವ ಹಣವನ್ನು ಬೇರೆಯದಕ್ಕೆ ಮುಟ್ಟಲು ಮನಸ್ಸು ಹಿಂಜರಿಯುತ್ತದೆ.

3. ಅದನ್ನು ಬೇರೆ ಉಳಿತಾಯ ಖಾತೆಯಲ್ಲೋ, ಬ್ಯಾಂಕಿನ ಆರ್‌ಡಿಯಲ್ಲೋ, ಸ್ವಸಹಾಯ ಸಂಘದಲ್ಲೋ ಇಡಿ. ಗುರುತು ಪರಿಚಯವಿಲ್ಲದವರ ಚೀಟಿಗೆ ಹಾಕಬೇಡಿ. ಕಾಯುವ ಹಣಕ್ಕೆ ನಂಬಿಕೆಯೇ ಮೊದಲ ಭದ್ರತೆ.

4. ಎಲ್ಲವನ್ನೂ ಬೀಗದೊಳಗೆ ಇಡಬೇಡಿ. ಆಸ್ಪತ್ರೆಗೆ, ಪಶುವೈದ್ಯರಿಗೆ ಎಂದು ಸ್ವಲ್ಪ ಹಣ ಬೇಕೆಂದಾಗ ಸಿಗುವಂತಿರಲಿ.

5. ಬಡ್ಡಿ ಸಾಲವಿದ್ದರೆ ಮೊದಲು ಅದನ್ನು ತೀರಿಸಿ. ತಿಂಗಳಿಗೆ ನೂರಕ್ಕೆ 3 ರೂಪಾಯಿ ಬಡ್ಡಿ ಎಂದರೆ ವರ್ಷಕ್ಕೆ ಶೇ. 36. ಯಾವ ಉಳಿತಾಯವೂ ಅಷ್ಟು ಗಳಿಸಿಕೊಡುವುದಿಲ್ಲ.

6. ಬಟವಾಡೆ ಚೀಟಿಯನ್ನು ಓದಿ. ಲೀಟರ್, ಫ್ಯಾಟ್, ಎಸ್‌ಎನ್‌ಎಫ್, ಪಶು ಆಹಾರದ ಕಡಿತ ಎಲ್ಲವನ್ನೂ ನೋಡಿ. ಸಂಶಯವಿದ್ದರೆ ಕಾರ್ಯದರ್ಶಿಯವರನ್ನು ಕೇಳಿ. ಕೇಳುವುದು ಸದಸ್ಯರ ಹಕ್ಕು.

ಇನ್ನು ಸಂಘದ ಕಡೆಯಿಂದ ಆಗಬೇಕಾದದ್ದು ಒಂದೇ. ಬಟವಾಡೆಯ ದಿನಾಂಕವನ್ನು ಫಲಕದಲ್ಲಿ ಬರೆದು ಹಾಕಿ, ಆ ದಿನ ತಪ್ಪದಂತೆ ನೋಡಿಕೊಳ್ಳುವುದು. ಯಾವುದೋ ಕಾರಣಕ್ಕೆ ತಡವಾಗುವುದಾದರೆ ಮುಂಚೆಯೇ ಕಾರಣ ಹೇಳುವುದು. ವರ್ಷದ ಕೊನೆಗೆ ಸಂಘದ ಲಾಭದಲ್ಲಿ ಕೊಡುವ ಬೋನಸ್ ಕೂಡ ಇದೇ ಬಗೆಯ ಕೂಡಿಟ್ಟ ಹಣ. ಅದರ ಲೆಕ್ಕವನ್ನು ವಾರ್ಷಿಕ ಮಹಾಸಭೆಯಲ್ಲಿ ಎಲ್ಲರಿಗೂ ಅರ್ಥವಾಗುವಂತೆ ಹೇಳಿದರೆ ನಂಬಿಕೆ ಇನ್ನಷ್ಟು ಬೆಳೆಯುತ್ತದೆ.

ಮುಂದಿನ ಸಲ ಯಾರಾದರೂ "ಅಂದಂದೇ ಕಾಸು" ಎಂದು ಕರೆದರೆ ಲೀಟರಿನ ದರವನ್ನಷ್ಟೇ ನೋಡಬೇಡಿ. ತಿಂಗಳ ಕೊನೆಗೆ ಕೈಯಲ್ಲಿ ಎಷ್ಟು ಉಳಿದಿರುತ್ತದೆ ಎಂದು ಒಮ್ಮೆ ಮನೆಯವರೊಂದಿಗೆ ಕೂತು ಲೆಕ್ಕ ಹಾಕಿ. ಆಮೇಲೆ ತೀರ್ಮಾನ ನಿಮ್ಮದು.