ಚೀತಾ ಉಳಿಸಲು ಮೇಕೆ ಕಾಯುವ ನಾಯಿ

ವಿಶ್ವದಲ್ಲಿ ಇಂದು ಉಳಿದಿರುವ ವನ್ಯ ಚೀತಾಗಳ ಸಂಖ್ಯೆ ಸುಮಾರು 7 ಸಾವಿರ ಮಾತ್ರ. ಇವುಗಳ ಪ್ರಮುಖ ನೆಲೆಗಳಲ್ಲೊಂದಾದ ಆಫ್ರಿಕದ ನಮೀಬಿಯಾದಲ್ಲಿ ಬಹುಪಾಲು ಚೀತಾಗಳು ವಾಸಿಸುವುದು ಅಭಯಾರಣ್ಯಗಳಲ್ಲಲ್ಲ, ಜಾನುವಾರು ಸಾಕುವ ಜಮೀನುಗಳಲ್ಲಿ. ಅಭಯಾರಣ್ಯಗಳಲ್ಲಿ ಸಿಂಹ, ಕತ್ತೆಕಿರುಬಗಳು ಚೀತಾ ಮರಿಗಳನ್ನು ಕೊಲ್ಲುತ್ತವೆ, ಬೇಟೆಯನ್ನೂ ಕಸಿಯುತ್ತವೆ.

ಜಮೀನುಗಳಲ್ಲಿ ಎದುರಾದದ್ದು ಮನುಷ್ಯನ ಕೋಪ. ಮೇಕೆ, ಕರುಗಳ ರಕ್ಷಣೆಗಾಗಿ ರೈತರು 1980ರ ದಶಕದಲ್ಲಿ ಸಾವಿರಾರು ಚೀತಾಗಳನ್ನು ಕೊಂದರು ಇಲ್ಲವೆ ಸೆರೆಹಿಡಿದರು.

1990ರಲ್ಲಿ ಅಲ್ಲಿ 'ಚೀತಾ ಕನ್ಸರ್ವೇಶನ್ ಫಂಡ್' ಸ್ಥಾಪಿಸಿದ ಅಮೆರಿಕದ ತಜ್ಞೆ ಲಾರಿ ಮಾರ್ಕರ್, ಮೊದಲು ರೈತರ ಮನೆಗಳಿಗೆ ತೆರಳಿ ಅವರ ಕಷ್ಟ ಆಲಿಸಿದರು. 1994ರಿಂದ ಟರ್ಕಿ ಮೂಲದ ಕಾವಲು ನಾಯಿಮರಿಗಳನ್ನು ಅವರಿಗೆ ನೀಡತೊಡಗಿದರು. ಎಳವೆಯಿಂದಲೇ ಮೇಕೆಗಳೊಡನೆ ಬೆಳೆಯುವ ಮರಿಗೆ ಹಿಂಡೇ ಕುಟುಂಬ. ಅಪಾಯ ಕಂಡೊಡನೆ ಅದು ಹಿಂಡಿಗೆ ಅಡ್ಡ ನಿಂತು ಬೊಗಳುತ್ತದೆ. ಗಾಯಗೊಂಡರೆ ಚೀತಾ ಓಡಲಾರದು, ಬೇಟೆಯಾಡಲಾರದು. ಆದ್ದರಿಂದ ಅದು ಕಾದಾಡದೆ ಹಿಂದೆ ಸರಿಯುತ್ತದೆ. ನಾಯಿ ಪಡೆದವರ ನಷ್ಟ ಶೇ 80ಕ್ಕೂ ಹೆಚ್ಚು ತಗ್ಗಿದೆ ಎನ್ನುತ್ತದೆ ಸಂಸ್ಥೆ.

ನಾಯಿ ಕೊಟ್ಟಲ್ಲಿಗೆ ಕೆಲಸ ಮುಗಿಯದು. ಅದರ ಆಹಾರ, ಲಸಿಕೆ, ತರಬೇತಿಗಳ ಮೇಲೆ ನಿಗಾ ಬೇಕು. ಕರುಗಳನ್ನು ಕೊಟ್ಟಿಗೆಯಲ್ಲೇ ಇಟ್ಟುಕೊಳ್ಳುವಂತೆ ರೈತರ ಮನವೊಲಿಸಬೇಕು.

2022ರ ಸೆಪ್ಟೆಂಬರ್ 17ರಂದು ಮಧ್ಯಪ್ರದೇಶದ ಕುನೊ ರಾಷ್ಟ್ರೀಯ ಉದ್ಯಾನಕ್ಕೆ ಬಂದಿಳಿದ 8 ಚೀತಾಗಳು ಇದೇ ನಮೀಬಿಯಾದವು. ಉದ್ಯಾನದ ಗಡಿ ದಾಟಿದ ಚೀತಾಗಳು ಮೇಕೆಗಳನ್ನು ಕೊಂದ ಪ್ರಸಂಗಗಳು ಅಲ್ಲಿಯೂ ನಡೆದಿವೆ. ಮೇಕೆ ಕಳೆದುಕೊಂಡವನ ನಷ್ಟಕ್ಕೆ ಪರಿಹಾರ ಕಾಣದೆ ಚೀತಾ ಉಳಿಯದು ಎಂಬುದೇ ನಮೀಬಿಯಾ ಕಲಿಸಿದ ಪಾಠ.