ಕಣ್ಣ ಮುಂದಿನ ಚುಕ್ಕೆ: ಭಯವೂ ಬೇಡ, ಅಲಕ್ಷ್ಯವೂ ಸಲ್ಲದು

ಮರವಂತೆಯ ಕಡಲ ಮೇಲಿನ ಬಿಸಿಲನ್ನಾಗಲಿ, ಸುಣ್ಣ ಬಳಿದ ಗೋಡೆಯನ್ನಾಗಲಿ ನೋಡುವಾಗ ಕಣ್ಣ ಮುಂದೆ ಚುಕ್ಕೆಗಳೂ ನೂಲಿನ ಎಳೆಗಳೂ ತೇಲಿದಂತೆ ಕಾಣುವುದುಂಟು. ಇದನ್ನು ಕಂಡು ಕುರುಡಾಗುವೆವೆಂದು ಅಂಜುವವರಿದ್ದಾರೆ. ನಿಜವಾಗಿ ದೃಷ್ಟಿನರ ಕೆಡುತ್ತಿದ್ದರೂ ನೋವಿಲ್ಲವೆಂದು ಸುಮ್ಮನಿರುವವರೂ ಇದ್ದಾರೆ. ಇವೆರಡರ ಭೇದವನ್ನು ಪ್ರತಿಯೊಬ್ಬರೂ ಅರಿತಿರಬೇಕು.

ಅಪಾಯವಿಲ್ಲದ ಲಕ್ಷಣಗಳು

ಕಣ್ಣುಗುಡ್ಡೆಯ ಒಳಗೆ ಲೋಳೆಯಂತಹ ಪಾರದರ್ಶಕ ವಸ್ತುವಿದೆ. ವಯಸ್ಸಾದಂತೆ ಅದರಲ್ಲಿ ಎಳೆಗಳು ಮೂಡಿ, ಅವುಗಳ ನೆರಳು ಅಕ್ಷಿಪಟಲದ ಮೇಲೆ ಬೀಳುತ್ತದೆ. ಕಣ್ಣು ಚಲಿಸಿದಂತೆ ಈ ಚುಕ್ಕೆಗಳೂ ಚಲಿಸುತ್ತವೆ. ಅರೆತಲೆನೋವಿಗೆ ಮೊದಲು ಕಾಣುವ ಅಂಕುಡೊಂಕಾದ ಮಿನುಗು ಸಾಮಾನ್ಯವಾಗಿ 20–30 ನಿಮಿಷಗಳಲ್ಲಿ ಮಾಯವಾಗುತ್ತದೆ. ಆದರೆ ಒಮ್ಮೆಲೇ ಅನೇಕ ಚುಕ್ಕೆಗಳು, ಮಿಂಚು ಅಥವಾ ಪರದೆ ಇಳಿದಂತಹ ಕತ್ತಲೆ ಕಂಡರೆ ಅಕ್ಷಿಪಟಲ ಕಳಚುತ್ತಿರಬಹುದು; ಅದೇ ದಿನ ನೇತ್ರವೈದ್ಯರನ್ನು ಕಾಣತಕ್ಕದ್ದು.

ದೃಷ್ಟಿನರದ ರೋಗ

ಸುಮಾರು 10 ಲಕ್ಷ ತಂತುಗಳುಳ್ಳ ದೃಷ್ಟಿನರವು ನೋಟವನ್ನು ಮೆದುಳಿಗೆ ಒಯ್ಯುತ್ತದೆ. ಸತ್ತ ತಂತು ಮತ್ತೆ ಬೆಳೆಯದು. ನರದ ಉರಿಯೂತದಲ್ಲಿ ಸಾಮಾನ್ಯವಾಗಿ ಒಂದು ಕಣ್ಣು ಕೆಲವೇ ದಿನಗಳಲ್ಲಿ ಮಂಜಾಗುತ್ತದೆ, ಕಣ್ಣು ತಿರುಗಿಸಿದರೆ ನೋವಾಗುತ್ತದೆ, ಬಣ್ಣಗಳು ಮಾಸುತ್ತವೆ. ಗ್ಲಾಕೋಮಾ ರೋಗವಾದರೋ ಬಹುತೇಕ ನೋವಿಲ್ಲದೆಯೇ ಅಂಚಿನ ನೋಟವನ್ನು ಕಸಿಯುತ್ತದೆ. ಆದುದರಿಂದ 40 ವರ್ಷ ದಾಟಿದವರು, ವಿಶೇಷವಾಗಿ ಮನೆತನದಲ್ಲಿ ಈ ರೋಗವಿರುವವರು, ಕಣ್ಣಿನ ಒತ್ತಡವನ್ನೂ ನರವನ್ನೂ ಪರೀಕ್ಷಿಸಿಕೊಳ್ಳಬೇಕು.

ಮನೆಯಲ್ಲಿಯೇ ಪರೀಕ್ಷೆ

ಅಂಗಳದ ಕೆಂಪು ದಾಸವಾಳವೊಂದನ್ನು ಹಿಡಿದು, ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿರಿ. ಒಂದು ಕಣ್ಣಿಗೆ ಕೆಂಪು ಬಣ್ಣ ಮಾಸಿದಂತೆ ಕಂಡರೆ ತಡಮಾಡಬೇಡಿರಿ. ಎರಡೂ ಕಣ್ಣು ತೆರೆದು ನೋಡಿದರೆ ಒಂದರ ದೋಷವನ್ನು ಇನ್ನೊಂದು ಮರೆಮಾಚುತ್ತದೆ. ಪರೀಕ್ಷೆಯಲ್ಲಿ ವ್ಯತ್ಯಾಸ ಕಾಣಲಿಲ್ಲವೆಂದು ವೈದ್ಯರ ತಪಾಸಣೆಯನ್ನು ಬಿಡಬಾರದು.

ವಿಶೇಷ ಎಚ್ಚರಿಕೆ

ಕ್ಷಯರೋಗಕ್ಕೆ ಕೊಡುವ ಎಥಾಂಬ್ಯುಟಾಲ್ ಔಷಧವು ಅಪರೂಪಕ್ಕೆ ಎರಡೂ ಕಣ್ಣುಗಳ ನರಗಳನ್ನು ಬಾಧಿಸುತ್ತದೆ. ಓದು ಮಂಜಾದರೆ, ಕೆಂಪು-ಹಸಿರು ಬಣ್ಣಗಳ ವ್ಯತ್ಯಾಸ ತಿಳಿಯದಿದ್ದರೆ ಅದೇ ದಿನ ವೈದ್ಯರಿಗೆ ತಿಳಿಸಿರಿ. ಬೇಗ ಪತ್ತೆಯಾದರೆ ದೃಷ್ಟಿ ಬಹುಮಟ್ಟಿಗೆ ಮರಳುವ ಸಂಭವವಿದೆ. ಯಾವ ಔಷಧವನ್ನು ನಿಲ್ಲಿಸಬೇಕೆಂಬುದನ್ನು ವೈದ್ಯರು ನಿರ್ಧರಿಸುವರು. ಕ್ಷಯದ ಚಿಕಿತ್ಸೆಯನ್ನೇ ಕೈಬಿಡಬೇಡಿರಿ. 1981ರಲ್ಲಿ ಬೆಂಗಳೂರಿನಲ್ಲಿ ಸುಮಾರು 300 ಜನರ ಪ್ರಾಣ ತೆಗೆದ ಕಳ್ಳಮದ್ಯದಲ್ಲಿದ್ದ ಮಿಥೈಲ್ ಆಲ್ಕೋಹಾಲ್ ಕೂಡ ದೃಷ್ಟಿನರಕ್ಕೆ ಘೋರ ವಿಷ.

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ನಿವಾಸಿಗಳು ಸಂಶಯ ಬಂದೊಡನೆ ಸಮೀಪದ ಸರ್ಕಾರಿ ಆಸ್ಪತ್ರೆಗೆ ಬರಬೇಕು. ಚಲಿಸುವ ಹಳೆಯ ಚುಕ್ಕೆಗೆ ಹೆದರದಿರಿ; ಮಾಸುವ ಬಣ್ಣವನ್ನು ಕಡೆಗಣಿಸದಿರಿ.