ಒಂದೇ ನಂಬರ್, ಮೂರು ಕಡೆ ರಿಂಗ್!

ಪ್ರಶ್ನೆ: ಕಚೇರಿಯ ಒಂದೇ ನಂಬರಿಗೆ ಕರೆ ಮಾಡಿದರೆ ಮೇಜಿನ ಫೋನ್, ಲ್ಯಾಪ್‌ಟಾಪ್, ಮೊಬೈಲ್ ಮೂರೂ ಒಟ್ಟಿಗೆ ರಿಂಗಾಗುವುದು ಹೇಗೆ?

ಉತ್ತರ: ಇಂತಹ ಇಂಟರ್ನೆಟ್ ಫೋನ್ ವ್ಯವಸ್ಥೆಯಲ್ಲಿ ನಂಬರ್ ಇರುವುದು ತಂತಿಗಲ್ಲ, ವ್ಯಕ್ತಿಗೆ. ಪ್ರತಿ ಸಾಧನವೂ ತನ್ನ ಇಂಟರ್ನೆಟ್ ವಿಳಾಸವನ್ನು ಸರ್ವರ್‌ಗೆ ಆಗಾಗ ತಿಳಿಸುತ್ತಿರುತ್ತದೆ, ಮನೆ ಬದಲಿಸಿದವರು ಅಂಚೆ ಕಚೇರಿಗೆ ಹೊಸ ವಿಳಾಸ ಕೊಟ್ಟಂತೆ. ಕರೆ ಬಂದಾಗ ಸರ್ವರ್ ಆ ವಿಳಾಸಗಳಿಗೆಲ್ಲ ಏಕಕಾಲಕ್ಕೆ ಸಂದೇಶ ಕಳಿಸುತ್ತದೆ. ಒಂದು ಕಡೆ ಎತ್ತಿದ ಕೂಡಲೇ ಉಳಿದವನ್ನು ಸುಮ್ಮನಾಗಿಸುತ್ತದೆ. ಇದಕ್ಕೆ ಹೆಚ್ಚಾಗಿ ಬಳಕೆಯಾಗುವುದು 1999ರಲ್ಲಿ ಪ್ರಕಟವಾದ ‘ಸಿಪ್’ ಎಂಬ ನಿಯಮಾವಳಿ. ನಂತರ ನಿಮ್ಮ ದನಿ, ಸಾಮಾನ್ಯವಾಗಿ ಸೆಕೆಂಡಿಗೆ 50 ತುಣುಕುಗಳಾಗಿ, ಇಂಟರ್ನೆಟ್‌ನಲ್ಲಿ ಹರಿಯುತ್ತದೆ. ಚಾಟ್, ವಿಡಿಯೊ, ವಾಯ್ಸ್‌ಮೇಲ್ ಕೂಡ ಇದೇ ನಂಬರಿನ ಖಾತೆಗೆ ಸೇರುವುದರಿಂದ ಗ್ರಾಹಕರ ಕರೆ ತಪ್ಪುವುದು ಕಡಿಮೆ. ಫೋನಿಗೆಂದೇ ಬೇರೆ ತಂತಿ ಎಳೆಯುವ ಖರ್ಚೂ ಇಲ್ಲ. ಆದರೆ ಕಚೇರಿಯ ಇಂಟರ್ನೆಟ್ ಕೈಕೊಟ್ಟರೆ ಮೇಜಿನ ಫೋನೂ ಕೈಕೊಡುತ್ತದೆ. ಹಾಗಾಗಿ ಇನ್ನೊಂದು ಇಂಟರ್ನೆಟ್ ಸಂಪರ್ಕ ಇಟ್ಟುಕೊಳ್ಳುವುದು ಒಳ್ಳೆಯದು.